ಮಳೆ ಪುಸ್ತಕದ ಅಂಕಿಯನ್ನು ಕಂಪ್ಯೂಟರಿನ ಲೆಕ್ಕಕ್ಕೆ ತರುವುದು ಹೇಗೆ?

ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ದಿನದ ಮಳೆಯನ್ನು ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ ಬರೆದಿಡುವ ರೂಢಿ ಇದೆ. ನೂರು ಸೆಂಟು ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಯಾವ ವರ್ಷ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಎಷ್ಟು ಬಿದ್ದಿತ್ತು ಎಂದು ತಿಳಿಯುವ ಆಸೆಯಿಂದ ಹಳೆಯ ಪುಸ್ತಕಗಳನ್ನು ಕಂಪ್ಯೂಟರಿಗೆ ಸೇರಿಸಿ, ಪೈಥಾನ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆದು ಮೊತ್ತ ತೆಗೆಯಲು ಹೊರಟವರಿಗೆ ಮೊದಲ ದಿನವೇ ಒಂದು ತೊಡಕು ಎದುರಾಗುತ್ತದೆ. 45 ಸೆಂಟಿಗೆ 30 ಸೆಂಟು ಕೂಡಿಸಿದರೆ 75 ಬರಬೇಕಾದಲ್ಲಿ 4530 ಬರುತ್ತದೆ; ಎರಡು ದಿನದ ಸಾಧಾರಣ ಮಳೆ ನಲವತ್ತೈದು ಇಂಚು ದಾಟಿಬಿಡುತ್ತದೆ.

ಕೀಲಿಮಣೆಯಿಂದಾಗಲಿ ಪಠ್ಯದ ಫೈಲಿನಿಂದಾಗಲಿ ಓದಿಕೊಂಡದ್ದನ್ನು ಪೈಥಾನ್ ಅಕ್ಷರಗಳ ಸಾಲಾಗಿ, ಅಂದರೆ ಸ್ಟ್ರಿಂಗ್ ಆಗಿ, ಇಟ್ಟುಕೊಳ್ಳುವುದೇ ಇದಕ್ಕೆ ಕಾರಣ. ಎರಡು ಸ್ಟ್ರಿಂಗುಗಳ ನಡುವೆ ಕೂಡಿಸುವ ಚಿಹ್ನೆ ಇಟ್ಟರೆ ಅದು ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸುತ್ತದೆ. ಅಕ್ಷರವಾಗಿರುವ ಅಂಕಿಯನ್ನು ಪೂರ್ಣಾಂಕವಾಗಿಸಲು ಪೈಥಾನ್‌ನಲ್ಲಿರುವ ಸಾಧನದ ಹೆಸರು ‘ಇಂಟ್’.

ಒಳಗೆ ನಡೆಯುವ ಕೆಲಸ ಸರಳವಾದದ್ದು, ಸೊಗಸಾದದ್ದೂ ಹೌದು. ಸೊನ್ನೆಯಿಂದ ಒಂಬತ್ತರವರೆಗಿನ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ 48ರಿಂದ 57ರವರೆಗಿನ ಸಂಕೇತ ಸಂಖ್ಯೆಗಳಿವೆ. ‘345’ ಎಂಬ ಪಠ್ಯದ ಮೊದಲ ಅಕ್ಷರದ ಸಂಕೇತ 51. ಅದರಿಂದ 48 ಕಳೆದರೆ 3. ಅದನ್ನು ಹತ್ತರಿಂದ ಗುಣಿಸಿ ಮುಂದಿನ 4 ಕೂಡಿಸಿದರೆ 34, ಮತ್ತೆ ಹತ್ತರಿಂದ ಗುಣಿಸಿ 5 ಕೂಡಿಸಿದರೆ 345. ಕನ್ನಡ ಅಂಕಿಗಳ ಸಂಕೇತಗಳು ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ 3302ರಿಂದ 3311ರವರೆಗೆ ಇವೆ. ಪೈಥಾನ್‌ನ ‘ಇಂಟ್’ ಅವನ್ನೂ ಅರಿಯುತ್ತದೆಯಾದ್ದರಿಂದ ಅಜ್ಜ ಬರೆದ ‘೩೪೫’ನ್ನು ಹಾಗೆಯೇ ಟೈಪ್ ಮಾಡಿದರೂ 345 ಎಂದೇ ಸಿಗುತ್ತದೆ. ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಪ್ರೋಗ್ರಾಂ ಭಾಷೆಗೆ ಈ ಅರಿವಿಲ್ಲ.

ಪ್ರೋಗ್ರಾಂ ಬರೆಯುವ ಮುನ್ನ ಮಾಡಬೇಕಾದ ಕೆಲಸವೆಂದರೆ ಪುಸ್ತಕವನ್ನೇ ಓದುವುದು. ‘2.05’ ಎಂದಿದ್ದರೆ ಎರಡು ಇಂಚು ಐದು ಸೆಂಟು ಎಂಬುದರಲ್ಲಿ ಸಂಶಯವಿಲ್ಲ. ‘2.5’ ಎಂದಿದ್ದರೆ? ಬರೆದವರ ಮನಸ್ಸಿನಲ್ಲಿ ಐದು ಸೆಂಟೇ, ಐವತ್ತೇ? ಬೇರೆ ಪುಟಗಳನ್ನು ನೋಡಿ, ಮನೆಯ ಹಿರಿಯರನ್ನು ಕೇಳಿ ಇದನ್ನು ತೀರ್ಮಾನಿಸಬೇಕು, ಏಕೆಂದರೆ ಯಾವ ಭಾಷೆಯ ಯಾವ ಸಾಧನವೂ ಇದನ್ನು ಹೇಳಲಾರದು.

ಎರಡನೆಯ ಹಂತ ಶುದ್ಧೀಕರಣ. ಹಿಂದೆ ಮುಂದೆ ಖಾಲಿ ಜಾಗವಿದ್ದರೆ ‘ಇಂಟ್’ ತಾನೇ ಕಡೆಗಣಿಸುತ್ತದೆ. ‘1,240’ರ ಅಲ್ಪವಿರಾಮವನ್ನು ಮಾತ್ರ ನಾವೇ ತೆಗೆಯಬೇಕು. ಅಂಕಿಯಲ್ಲದ್ದನ್ನೆಲ್ಲ ಅಳಿಸುವ ಸುಲಭದ ದಾರಿಯನ್ನು ಹಿಡಿಯಬಾರದು. ಹಾಗೆ ಮಾಡಿದರೆ ‘2.05’ 205 ಆಗಿ ಸರಿಯಾಗಿಯೇ ಬರುತ್ತದೆ, ಆದರೆ ‘2.5’ 25 ಸೆಂಟಾಗಿ ಕುಗ್ಗುತ್ತದೆ.

ಮೂರನೆಯದು ಪರಿವರ್ತನೆ. ‘ಇಂಟ್’ಗೆ ‘2.05’ನ್ನು ನೇರವಾಗಿ ಕೊಟ್ಟರೆ ಅದು ಒಪ್ಪುವುದಿಲ್ಲ. ದಶಮಾಂಶ ಸಂಖ್ಯೆಯಾಗಿ ಓದಿ ನೂರರಿಂದ ಗುಣಿಸಬಹುದಲ್ಲ ಎಂದು ತೋರಬಹುದು. ಆದರೆ ಕಂಪ್ಯೂಟರಿನಲ್ಲಿ 0.29ನ್ನು ನೂರರಿಂದ ಗುಣಿಸಿದರೆ 29ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬರುತ್ತದೆ, ಅದನ್ನು ಪೂರ್ಣಾಂಕವಾಗಿಸಿದಾಗ 28 ಉಳಿಯುತ್ತದೆ. ಆದ್ದರಿಂದ ಪಠ್ಯವನ್ನು ಚುಕ್ಕೆಯ ಬಳಿ ಎರಡಾಗಿ ಸೀಳಿ, ಎಡಭಾಗವನ್ನು ಪೂರ್ಣಾಂಕವಾಗಿಸಿ ನೂರರಿಂದ ಗುಣಿಸಿ, ಬಲಭಾಗದ ಪೂರ್ಣಾಂಕವನ್ನು ಅದಕ್ಕೆ ಕೂಡಿಸುವುದೇ ಸರಿಯಾದ ಕ್ರಮ. ಬಲಭಾಗದಲ್ಲಿ ಎರಡು ಅಂಕಿ ಇಲ್ಲದಿದ್ದರೆ ಪ್ರೋಗ್ರಾಂ ಅಲ್ಲಿಯೇ ನಿಂತು ತಾರೀಖನ್ನು ತೋರಿಸಲಿ.

ನಾಲ್ಕನೆಯ ಹಂತವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ಖಾಲಿ ಪಠ್ಯವನ್ನೋ ‘ಅಳೆಯಲಿಲ್ಲ’ ಎಂಬ ಮಾತನ್ನೋ ‘ಇಂಟ್’ಗೆ ಕೊಟ್ಟರೆ ಅದು ‘ವ್ಯಾಲ್ಯೂ ಎರರ್’ ಎಂಬ ದೋಷ ತೋರಿಸಿ ನಿಲ್ಲುತ್ತದೆ. ಇದು ಕಿರಿಕಿರಿಯಂತೆ ಕಂಡರೂ ಉಪಕಾರವೇ. ಸಿ ಭಾಷೆಯ ‘ಎ-ಟು-ಐ’ ಅಂಕಿ ಸಿಗದಿದ್ದಾಗ ಸದ್ದಿಲ್ಲದೆ ಸೊನ್ನೆ ಕೊಡುತ್ತದೆ. ಜಾವಾಸ್ಕ್ರಿಪ್ಟ್‌ನ ‘ನಂಬರ್’ ಕೂಡ ಖಾಲಿ ಪಠ್ಯಕ್ಕೆ ಸೊನ್ನೆಯನ್ನೇ ಕೊಡುತ್ತದೆ. ಮಳೆಯ ಲೆಕ್ಕದಲ್ಲಿ ಸೊನ್ನೆಗೆ ತನ್ನದೇ ಅರ್ಥವಿದೆ: ಅಂದು ಅಳೆದರು, ಮಳೆ ಇರಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಎಷ್ಟೋ ಕುಟುಂಬಗಳು ಮನೆ ಬಿಟ್ಟು ಪರಿಹಾರ ಕೇಂದ್ರಗಳಲ್ಲಿದ್ದವು. ಅಂಥ ಮನೆಯ ಪುಸ್ತಕದಲ್ಲಿ ಖಾಲಿ ಉಳಿದ ಸಾಲುಗಳನ್ನು ಸೊನ್ನೆ ಮಾಡಿದರೆ, ಆ ದಿನಗಳಲ್ಲಿ ಅಲ್ಲಿ ಬಿಸಿಲಿತ್ತೆಂದು ದಾಖಲೆ ಸುಳ್ಳು ಹೇಳುತ್ತದೆ.

ಆದ್ದರಿಂದ ಪರಿವರ್ತನೆಯ ಸಾಲನ್ನು ‘ಟ್ರೈ’, ಅಂದರೆ ಮಾಡಿ ನೋಡು ಎಂಬ ಭಾಗದ ಒಳಗಿಟ್ಟು, ದೋಷ ಬಂದಾಗ ಮಾತ್ರ ನಡೆಯುವ ‘ಎಕ್ಸೆಪ್ಟ್’ ಭಾಗದಲ್ಲಿ ಆ ದಿನಕ್ಕೆ ‘ನನ್’, ಅಂದರೆ ಬೆಲೆ ಇಲ್ಲ ಎಂಬ ಗುರುತನ್ನು ಇರಿಸಿ, ಮೂಲ ಬರಹವನ್ನು ತಾರೀಖಿನೊಡನೆ ಬೇರೆ ಪಟ್ಟಿಗೆ ಸೇರಿಸಬೇಕು. ತಿಂಗಳ ಮೊತ್ತ ಮುದ್ರಿಸುವಾಗ ಅದರ ಪಕ್ಕದಲ್ಲೇ ಅಳೆಯದ ದಿನಗಳೆಷ್ಟು ಎಂಬುದನ್ನೂ ಮುದ್ರಿಸಬೇಕು.