ಟ್ಯಾಬ್ಲೆಟ್‌ನಲ್ಲಿ ಓದು, ಬರಹ, ಸಸ್ಯಚಿತ್ರ: ನನ್ನ ಅನುಭವ

ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದ ನಂತರ ನನ್ನ ದಿನಗಳು ಹಳೆಯ ಕನ್ನಡ ಪುಸ್ತಕಗಳ ಓದು, ಮಲೆನಾಡಿನ ಗಿಡಮರಗಳ ಕುರಿತ ಲೇಖನಗಳು ಮತ್ತು ಆ ಲೇಖನಗಳಿಗೆ ಬೇಕಾದ ಚಿತ್ರಗಳ ನಡುವೆ ಹಂಚಿಹೋಗಿವೆ. ಕೆಲವು ವರ್ಷಗಳಿಂದ ಈ ಮೂರೂ ಕೆಲಸಗಳನ್ನು ಒಂದೇ ಟ್ಯಾಬ್ಲೆಟ್‌ನಲ್ಲಿ ಮಾಡುತ್ತಿದ್ದೇನೆ. ಇದನ್ನು ಕೊಳ್ಳುವವರಿಗೆ ಸಿಗುವ ಸಲಹೆಗಳೆಲ್ಲ ಬಹುಮಟ್ಟಿಗೆ ಇಂಗ್ಲಿಷ್ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು. ಕನ್ನಡ ಲಿಪಿಗೆ ಬೇಕಾಗುವ ಹೊಂದಾಣಿಕೆಗಳನ್ನು ನಾನೇ ಕಂಡುಕೊಳ್ಳಬೇಕಾಯಿತು.

ಮೊದಲು ಪರದೆಯ ಅಳತೆ. ನಮ್ಮ ಪುಸ್ತಕಗಳ ಮುದ್ರಣ ವಿವರದ ಪುಟದಲ್ಲಿ ‘ಡೆಮಿ 1/8’ ಎಂದಿರುವುದನ್ನು ಎಲ್ಲರೂ ನೋಡಿರುತ್ತಾರೆ. ಆ ಪುಟದ ಅಳತೆ ಸುಮಾರು 5.5 ಅಂಗುಲ ಅಗಲ, 8.5 ಅಂಗುಲ ಎತ್ತರ. ನಾನು ಬಳಸುತ್ತಿರುವುದು 2020ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್, ಅದರ 10.4 ಅಂಗುಲದ ಪರದೆಯನ್ನು ನಿಲ್ಲಿಸಿ ಹಿಡಿದರೆ ಡೆಮಿ ಪುಟವೊಂದು ಹೆಚ್ಚುಕಡಿಮೆ ಅದರ ನಿಜವಾದ ಗಾತ್ರದಲ್ಲೇ ಕಾಣುತ್ತದೆ. ಎಂಟು ಅಂಗುಲದ ಪರದೆಯಲ್ಲಿ ಅದೇ ಪುಟದ ಒತ್ತಕ್ಷರಗಳು ಮಸಿಯ ಚುಕ್ಕೆಗಳಂತಾಗಿ, ಪ್ರತಿ ಸಾಲನ್ನೂ ಹಿಗ್ಗಿಸಿ ಎಳೆದಾಡುತ್ತ ಓದಬೇಕಾಗುತ್ತದೆ. ಹನ್ನೆರಡು ಅಂಗುಲಕ್ಕೂ ಮೀರಿದವು ಚಿತ್ರಕ್ಕೆ ಸೊಗಸು, ಆದರೆ ಆರಾಮಕುರ್ಚಿಯಲ್ಲಿ ಕುಳಿತು ಓದುವವರ ಮಣಿಕಟ್ಟಿಗೆ ಭಾರ.

ಓದಿನ ಬಹುಪಾಲು ಇಂಟರ್‌ನೆಟ್ ಆರ್ಕೈವ್ ಜಾಲತಾಣದಲ್ಲಿರುವ, ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಪುಸ್ತಕಗಳದ್ದು. ಅಲ್ಲಿ ಎಷ್ಟೋ ಕನ್ನಡ ಪುಸ್ತಕಗಳ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿ, ಒಂದಕ್ಕೊಂದು ಹೊಂದದ ಕಾಗುಣಿತದಲ್ಲಿ ನಮೂದಾಗಿರುವುದರಿಂದ, ಒಂದೇ ಹೆಸರನ್ನು ಹಲವು ಬಗೆಯಲ್ಲಿ ಬರೆದು ಹುಡುಕುವ ತಾಳ್ಮೆ ಬೇಕು. ಇಳಿಸಿಕೊಂಡ ಪಿಡಿಎಫ್‌ನಲ್ಲಿ ಅಂಚಿನ ಖಾಲಿ ಜಾಗವನ್ನು ಕತ್ತರಿಸಿ ತೋರಿಸುವ ಸೌಲಭ್ಯವಿರುವ ಓದುವ ಆ್ಯಪ್ ಬಳಸಿದರೆ ಅಕ್ಷರ ಇನ್ನಷ್ಟು ದೊಡ್ಡದಾಗುತ್ತದೆ. ನಾನು ಬಳಸುವ ಕ್ಸೋಡೊದಲ್ಲಿ ಅದಿದೆ. ಹಳೆಯ ಪದವೊಂದು ತಡೆದಾಗ ಪರದೆಯನ್ನು ಎರಡು ಭಾಗ ಮಾಡಿ, ಪಕ್ಕದಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯ ನಿಘಂಟುಗಳನ್ನು ತೆರೆದುಕೊಳ್ಳುತ್ತೇನೆ.

ಇಂಥ ಸ್ಕ್ಯಾನ್ ಪುಟಗಳು ಹೆಚ್ಚಾಗಿ ಬರಿಯ ಚಿತ್ರಗಳಾದ್ದರಿಂದ ಅವುಗಳೊಳಗೆ ಪದ ಹುಡುಕಲಾಗದು. ಲೇಖನಕ್ಕೆ ಒಂದು ಭಾಗ ಬೇಕಾದಾಗ ಆ ಕೆಲವು ಪುಟಗಳನ್ನಷ್ಟೇ ಬೇರ್ಪಡಿಸಿ ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳು ಪಠ್ಯವಾಗಿ ಬರುತ್ತವೆ. ಬಂದದ್ದನ್ನು ಮೂಲದೊಂದಿಗೆ ಹೋಲಿಸಿ ತಿದ್ದದೆ ಬಳಸಬಾರದು. ಅರ್ಕಾವತ್ತು ಕನ್ನಡದ ಅಂಕಿ ೯ ಆಗುವುದು, ಸೊನ್ನೆ ಮತ್ತು ಅನುಸ್ವಾರ ಅದಲುಬದಲಾಗುವುದು, ‘ಥ’ ಹೋಗಿ ‘ಧ’ ಬರುವುದು ನಾನು ಪದೇ ಪದೇ ಕಂಡ ತಪ್ಪುಗಳು.

ಬರಹದ ವಿಷಯಕ್ಕೆ ಬಂದರೆ, ಲೇಖನದ ಮೊದಲ ಕರಡನ್ನು ನಾನು ಕೈಬರಹದಲ್ಲೇ ಬರೆಯುತ್ತೇನೆ. ಈ ಟ್ಯಾಬ್ಲೆಟ್ ಜೊತೆಗೇ ಬರುವ ಪೆನ್ನಿನಲ್ಲಿ ಬ್ಯಾಟರಿ ಇಲ್ಲ. ಪರದೆಯ ಅಡಿಯಲ್ಲಿರುವ ವಿದ್ಯುತ್ಕಾಂತೀಯ ಪದರದಿಂದಲೇ ಅದಕ್ಕೆ ಶಕ್ತಿ ದೊರೆಯುವುದರಿಂದ ಪೆನ್ನನ್ನು ಚಾರ್ಜ್ ಮಾಡುವ ಗೊಡವೆಯಿಲ್ಲ, ಮಳೆಗಾಲದಲ್ಲಿ ಕರೆಂಟು ಹೋಗುವ ನಮ್ಮ ಊರಿಗೆ ಇದು ಸಣ್ಣ ಸಂಗತಿಯೇನಲ್ಲ. ಟಿಪ್ಪಣಿ ಆ್ಯಪ್‌ಗಳಲ್ಲಿ ಸಿದ್ಧವಾಗಿರುವ ಗೆರೆಯ ಹಾಳೆಗಳು ಮಾತ್ರ ಕನ್ನಡಕ್ಕೆ ಸಾಲುವುದಿಲ್ಲ: ‘ಸ್ತ್ರೀ’, ‘ಶಾಸ್ತ್ರ’ಗಳಂಥ ಪದಗಳಲ್ಲಿ ಗೆರೆಯ ಕೆಳಗೆ ಇಳಿಯುವ ಒತ್ತಕ್ಷರಗಳು ಮುಂದಿನ ಸಾಲಿನ ತಲೆಕಟ್ಟು, ಗುಡಿಸುಗಳಿಗೆ ತಾಗುತ್ತವೆ. ಹೀಗಾಗಿ ಅಗಲವಾದ ಗೆರೆಗಳ ಹಾಳೆಯೊಂದನ್ನು ನಾನೇ ಪಿಡಿಎಫ್ ಮಾಡಿಕೊಂಡು ಎಲ್ಲ ಟಿಪ್ಪಣಿಗೂ ಅದನ್ನೇ ಹಿನ್ನೆಲೆಯಾಗಿ ಇಟ್ಟಿದ್ದೇನೆ. ನುಣುಪಾದ ಗಾಜಿನ ಮೇಲೆ ಪೆನ್ನು ಜಾರಿ ಅಕ್ಷರ ಕೆಡುತ್ತದೆಂದು ಒರಟು ಮೈಯ ಹಾಳೆಯನ್ನು ಪರದೆಗೆ ಅಂಟಿಸಿದ್ದೇನೆ. ಅದರಿಂದ ಪೆನ್ನಿನ ಮೊನೆ ಬೇಗ ಸವೆಯುತ್ತದೆ, ಓದುವಾಗ ಅಕ್ಷರ ತುಸು ಮಂಕಾಗುತ್ತದೆ. ಆದರೂ ಬರೆಯುವವರಿಗೆ ಇದು ಬೇಕೇ ಬೇಕೆಂಬುದು ನನ್ನ ಅಭಿಪ್ರಾಯ.

ಕೈಬರಹವನ್ನು ಪಠ್ಯವಾಗಿಸಲು ಗೂಗಲ್‌ನ ಕೀಲಿಮಣೆ ಆ್ಯಪ್ ಜಿಬೋರ್ಡ್‌ನಲ್ಲಿ ಕನ್ನಡ ಕೈಬರಹದ ವ್ಯವಸ್ಥೆ ಇದೆ. ಒಂದೆರಡು ಪದಗಳಿಗೆ, ಹುಡುಕಾಟಕ್ಕೆ ಅದು ಚೆನ್ನ. ಪುಟಗಟ್ಟಲೆ ಬರೆಯಲು ಒಗ್ಗುವುದಿಲ್ಲ. ನಾನು ಹಿಡಿದ ದಾರಿ ಬೇರೆ. ಕರಡನ್ನು ಪರದೆಯ ಒಂದು ಬದಿಯಲ್ಲಿ ತೆರೆದು, ಗೂಗಲ್‌ನ ಧ್ವನಿ ಬರಹಕ್ಕೆ (2017ರಿಂದ ಅದು ಕನ್ನಡದಲ್ಲೂ ಇದೆ) ಗಟ್ಟಿಯಾಗಿ ಓದಿ ಹೇಳುತ್ತೇನೆ. ವಿರಾಮಚಿಹ್ನೆಗಳನ್ನು ಆಮೇಲೆ ಹಾಕಬೇಕು. ಮುರುಗಲು, ಉಪ್ಪಾಗೆ ಮೊದಲಾದ ಮರಗಳ ಹೆಸರುಗಳನ್ನು ಅದು ಏನೇನೋ ಎಂದು ಕೇಳಿಸಿಕೊಳ್ಳುತ್ತದೆ, ಸಸ್ಯಗಳ ಲ್ಯಾಟಿನ್ ಹೆಸರುಗಳ ಗತಿಯನ್ನಂತೂ ಕೇಳುವುದೇ ಬೇಡ. ಆದರೆ ಗಟ್ಟಿಯಾಗಿ ಓದುವಾಗ ಉಸಿರು ಕಟ್ಟುವ ವಾಕ್ಯ ಯಾವುದೆಂಬುದು ಅಲ್ಲಿಯೇ ತಿಳಿದುಬಿಡುತ್ತದೆ, ತಿದ್ದುವ ಕೆಲಸವೂ ಅರ್ಧ ಮುಗಿದಿರುತ್ತದೆ.

ಟ್ಯಾಬ್ಲೆಟ್ ನನಗೆ ಅತಿ ಹೆಚ್ಚು ಒದಗಿರುವುದು ಚಿತ್ರಕ್ಕೆ. ನಮ್ಮಲ್ಲಿ ಮಳೆ ಹಿಡಿಯುವ ಹೊತ್ತಿಗೆ ಮರಗಳ ಮೇಲೆ ಸೀತಾಳೆ ದಂಡೆ ಎಂಬ ಆರ್ಕಿಡ್ ಅರಳುತ್ತದೆ. ಅದೇ ಹೊತ್ತಿಗೆ ಚಿತ್ರದ ಕಾಗದ ತೇವ ಹೀರಿ, ಜಲವರ್ಣ ಒಣಗದೆ ಹರಡಿಕೊಳ್ಳುತ್ತದೆ. ಈಗ ಸ್ಕೆಚ್‌ಬುಕ್ ಆ್ಯಪ್‌ನಲ್ಲಿ ಕೆಳಗಿನ ಪದರದಲ್ಲಿ ಪೆನ್ಸಿಲ್ ಕರಡು ಹಾಕಿ, ಅದನ್ನು ಮಸುಕುಗೊಳಿಸಿ, ಮೇಲಿನ ಪದರದಲ್ಲಿ ಮಸಿಯ ಗೆರೆಗಳನ್ನು ಎಳೆದು, ನಡುವಿನ ಪದರಗಳಲ್ಲಿ ಬಣ್ಣ ತುಂಬುತ್ತೇನೆ. ಬಣ್ಣ ಹೆಚ್ಚಾದರೆ ಗೆರೆಗೆ ಧಕ್ಕೆಯಾಗದಂತೆ ಅದನ್ನಷ್ಟೇ ಅಳಿಸಬಹುದು. ಸೀತಾಳೆಯ ಗೊಂಚಲಿನಲ್ಲಿ ಹತ್ತಾರು ಹೂಗಳಿರುವುದರಿಂದ ಒಂದನ್ನು ಬಿಡಿಸಿ ಉಳಿದವನ್ನು ನಕಲು ಮಾಡುವ ಆಸೆ ಸಹಜ. ನಾನು ಹಾಗೆ ಮಾಡುವುದಿಲ್ಲ. ಪ್ರತಿ ಹೂವಿನ ಮುಖ ಬೇರೆ ದಿಕ್ಕಿಗಿರುತ್ತದೆ, ಮೊಗ್ಗಿನಿಂದ ಬಾಡುವವರೆಗಿನ ಹಂತಗಳು ಒಂದೇ ದಂಡೆಯಲ್ಲಿರುತ್ತವೆ, ಸಸ್ಯಚಿತ್ರ ತೋರಿಸಬೇಕಾದದ್ದೇ ಅದನ್ನು.

ಮುದ್ರಣಕ್ಕೆ ಹೋಗುವ ಚಿತ್ರದ ಗಾತ್ರವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಎ5 ಪುಟಕ್ಕೆ ಅಂಗುಲಕ್ಕೆ 300 ಚುಕ್ಕೆಗಳ ಲೆಕ್ಕದಲ್ಲಿ 1748 × 2480 ಪಿಕ್ಸೆಲ್ ಬೇಕು. ಚಿಕ್ಕದಾಗಿ ಬಿಡಿಸಿ ಆಮೇಲೆ ಹಿಗ್ಗಿಸಿದರೆ ಗೆರೆ ಒಡೆಯುತ್ತದೆ. ಪರದೆ ಬೆಳಕಿನ ಮೂರು ಬಣ್ಣಗಳಿಂದ, ಅಚ್ಚು ಶಾಯಿಯ ನಾಲ್ಕು ಬಣ್ಣಗಳಿಂದ ಕೆಲಸ ಮಾಡುವುದರಿಂದ ಎಳೆ ಚಿಗುರಿನ ಹೊಳೆಯುವ ಹಸಿರು ಕಾಗದದ ಮೇಲೆ ಮಂಕಾಗುವುದು ಖಂಡಿತ. ಇದಕ್ಕಾಗಿ ಮೊದಲೇ ತುಸು ತಗ್ಗಿದ ಹಸಿರನ್ನು ಆರಿಸಿಕೊಳ್ಳುತ್ತೇನೆ. ಭಾಗಗಳ ಹೆಸರುಗಳನ್ನು ಟೈಪ್ ಮಾಡದೆ ಪೆನ್ನಿನಲ್ಲೇ ಬರೆಯುತ್ತೇನೆ, ಏಕೆಂದರೆ ಕೆಲವು ಚಿತ್ರದ ಆ್ಯಪ್‌ಗಳಲ್ಲಿ ಕನ್ನಡ ಪಠ್ಯದ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲುತ್ತವೆ.

ಕೊನೆಯದಾಗಿ ಕಡತಗಳ ವಿಷಯ. ಟಿಪ್ಪಣಿ ಆ್ಯಪ್‌ಗಳು ತಮ್ಮದೇ ಸ್ವರೂಪದಲ್ಲಿ ಉಳಿಸುವ ಕಡತ ಬೇರೆಡೆ ತೆರೆಯದಿರಬಹುದಾದ್ದರಿಂದ, ಮುಗಿದ ಕರಡನ್ನು ಪಿಡಿಎಫ್ ಆಗಿ, ಚಿತ್ರವನ್ನು ಪಿಎನ್‌ಜಿ ಆಗಿ ಮೆಮೊರಿ ಕಾರ್ಡಿಗೂ ಡ್ರೈವ್‌ಗೂ ಹಾಕಿಡುತ್ತೇನೆ. ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಮುಂಚಿನ ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ನನ್ನ ಹಳೆಯ ಲೇಖನಗಳು ಟ್ಯಾಬ್ಲೆಟ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೋರುತ್ತವೆ, ಅವನ್ನು ಕಂಪ್ಯೂಟರಿನಲ್ಲಿ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಪುಟ ಕಟ್ಟಲು ಇನ್ನೂ ಹಳೆಯ ಫಾಂಟುಗಳನ್ನೇ ಬಳಸುವ ಪತ್ರಿಕೆಗಳೂ ಇವೆ. ಅಲ್ಲಿಗೆ ಲೇಖನ ಕಳಿಸುವಾಗ ಯೂನಿಕೋಡ್ ಪಠ್ಯದ ಜೊತೆಗೆ ಅದರ ಪಿಡಿಎಫ್ ಅನ್ನೂ ಇಡುತ್ತೇನೆ, ಪರಿವರ್ತನೆಯಲ್ಲಿ ಕಳಚಿಹೋದ ಒತ್ತುಗಳನ್ನು ಕರಡು ತಿದ್ದುವವರು ಅದನ್ನು ನೋಡಿ ಸರಿಪಡಿಸಿಕೊಳ್ಳಲೆಂದು.