1267 ಪಟ್ಟಿಗೆ ಒಂದು ಹೆಸರು ಸೇರಿಸುವುದು ಹೇಗೆ

ಜೈಷ್-ಎ-ಮೊಹಮ್ಮದ್ ಸ್ಥಾಪಕ ಮಸೂದ್ ಅಜರ್‌ನನ್ನು ವಿಶ್ವಸಂಸ್ಥೆಯ 1267 ಎಂಬ ಭಯೋತ್ಪಾದಕರ ಪಟ್ಟಿಗೆ ಸೇರಿಸಬೇಕೆಂದು ಭಾರತ ಮೊದಲು ಕೇಳಿದ್ದು 2009ರಲ್ಲಿ. ಸೇರಿದ್ದು 2019ರ ಮೇ 1ರಂದು. ನಡುವೆ 2016 ಮತ್ತು 2017ರ ಎರಡು ಪ್ರಯತ್ನಗಳೂ ಬಿದ್ದುಹೋದವು. ಈ ಹತ್ತು ವರ್ಷಗಳಲ್ಲಿ ಕೊರತೆಯಾದದ್ದು ಸಾಕ್ಷ್ಯವಲ್ಲ. ಪಟ್ಟಿ ಮಾಡುವ ಸಮಿತಿಗೆ ತನ್ನದೇ ನಿಯಮ, ತನ್ನದೇ ಗಡಿಯಾರ, ತನ್ನದೇ ಭಾಷೆ ಇದೆ. ಅವುಗಳಿಗೆ ಒಗ್ಗುವ ಕಡತ, ಅದರ ಹಿಂದೆ ಸಾಕಷ್ಟು ದೇಶಗಳು, ಎರಡೂ ಒಟ್ಟಿಗೆ ಬಂದಾಗಲೇ ಕೆಲಸ ಆಯಿತು. ರಾಜತಾಂತ್ರಿಕ ಸೇವೆಗೆ ಸಿದ್ಧರಾಗುವವರಿಗೆ, ಈ ವಿಷಯ ಬರೆಯುವ ಪತ್ರಕರ್ತರಿಗೆ, ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುವವರಿಗೆ ಆ ಕೆಲಸದ ಕ್ರಮ ಇಲ್ಲಿದೆ.

ಮೊದಲು ಬಾಗಿಲು ಸರಿಯೇ ನೋಡಿ

ಭದ್ರತಾ ಮಂಡಳಿಯ 1267ನೇ ನಿರ್ಣಯ ಬಂದದ್ದು 1999ರ ಅಕ್ಟೋಬರ್ 15ರಂದು, ತಾಲಿಬಾನ್ ವಿರುದ್ಧ. ಮುಂದೆ ಅಲ್-ಖೈದಾ ಸೇರಿತು, 2011ರಲ್ಲಿ ತಾಲಿಬಾನ್ ಬೇರೆ ಸಮಿತಿಗೆ ಹೋಯಿತು, 2015ರಲ್ಲಿ ಐಎಸ್ (ಇಸ್ಲಾಮಿಕ್ ಸ್ಟೇಟ್) ಈ ಪಟ್ಟಿಯೊಳಗೆ ಬಂತು. ಹೀಗಾಗಿ ಇದು ಎಲ್ಲ ಭಯೋತ್ಪಾದಕರ ಪಟ್ಟಿಯಲ್ಲ. ಅಲ್-ಖೈದಾ ಮತ್ತು ಐಎಸ್, ಅವುಗಳ ಅಂಗಸಂಸ್ಥೆಗಳು, ಒಡೆದು ಬಂದ ಗುಂಪುಗಳು, ಅವುಗಳಿಗೆ ನೆರವಾದವರು, ಇಷ್ಟೇ. ಸೇರಿದವರಿಗೆ ಆಸ್ತಿ ಸ್ತಂಭನ, ಪ್ರಯಾಣ ನಿಷೇಧ, ಶಸ್ತ್ರ ನಿಷೇಧ ಬೀಳುತ್ತವೆ. ಹಣ ಒದಗಿಸಿದ್ದು, ಸಂಚು ಹೂಡಿದ್ದು, ಶಸ್ತ್ರ ಕೊಟ್ಟಿದ್ದು, ಜನರನ್ನು ಸೇರಿಸಿದ್ದು, ಬೇರಾವುದೇ ರೀತಿಯಲ್ಲಿ ಬೆಂಬಲಿಸಿದ್ದು: ಇವುಗಳಲ್ಲಿ ಒಂದಾದರೂ ಆ ಜಾಲಕ್ಕಾಗಿ ನಡೆದಿದೆ ಎಂದು ತೋರಿಸಬೇಕು.

ಬಹುತೇಕ ಕಡತಗಳು ಎಡವುವುದು ಇಲ್ಲೇ. ದಾಳಿ ನಡೆದ ದೇಶ ಸಹಜವಾಗಿಯೇ ದಾಳಿಯ ಬಗ್ಗೆ ಬರೆಯುತ್ತದೆ: ಎಷ್ಟು ಜನ ಸತ್ತರು, ಬಂದೂಕು ಎಲ್ಲಿಯದು, ಕರೆ ಎಲ್ಲಿಂದ ಬಂತು. ನ್ಯಾಯಾಲಯಕ್ಕೆ ಅದೇ ಮುಖ್ಯ. ಸಮಿತಿ ಕೇಳುವುದು ಬೇರೆ: ಈ ಮನುಷ್ಯನಿಗೂ ಅಲ್-ಖೈದಾಕ್ಕೂ ಏನು ನಂಟು? ಜೈಷ್-ಎ-ಮೊಹಮ್ಮದ್ 2001ರ ಅಕ್ಟೋಬರ್‌ನಲ್ಲೇ ಪಟ್ಟಿಯಲ್ಲಿತ್ತು. ಅದರ ಸ್ಥಾಪಕನ ಹೆಸರು ಸೇರಿಸಲು ಗಟ್ಟಿ ದಾರಿ ಆ ನಮೂದಿನಿಂದಲೇ ಹೊರಡುತ್ತದೆ. ಕೊನೆಗೆ ಪ್ರಕಟವಾದ ಕಾರಣಗಳ ಸಾರಾಂಶ ಓದಿ: ಜೈಷ್ ಸ್ಥಾಪನೆ, ಅದಕ್ಕೆ ಕೊಟ್ಟ ಹಣಕಾಸಿನ ಬೆಂಬಲ, ಅಫ್ಗಾನಿಸ್ತಾನದಲ್ಲಿ ಪಾಶ್ಚಾತ್ಯ ಪಡೆಗಳ ವಿರುದ್ಧ ಹೋರಾಡಲು ಜನ ಬನ್ನಿ ಎಂದು 2008ರ ಭಿತ್ತಿಪತ್ರಗಳಲ್ಲಿ ಆತ ಕೊಟ್ಟ ಕರೆ. 2019ರ ಪುಲ್ವಾಮಾ ದಾಳಿಯ ಹೆಸರು ಅದರಲ್ಲಿಲ್ಲ.

ಕಡತದ ಮೂರು ಭಾಗ

ಯಾವ ಸದಸ್ಯ ರಾಷ್ಟ್ರ ಬೇಕಾದರೂ ಹೆಸರು ಸೂಚಿಸಬಹುದು, ಮಂಡಳಿಯಲ್ಲಿ ಸ್ಥಾನ ಇರಲೇಬೇಕೆಂದಿಲ್ಲ. ಸಮಿತಿಯ ನಿಗದಿತ ನಮೂನೆ ಇದೆ, ಅದನ್ನೇ ತುಂಬಬೇಕು.

ಮೊದಲನೆಯದು ಗುರುತಿನ ವಿವರ. ಪೂರ್ಣ ಹೆಸರು, ಮೂಲ ಲಿಪಿಯಲ್ಲಿ ಅದೇ ಹೆಸರು, ಅಡ್ಡಹೆಸರುಗಳು, ಹುಟ್ಟಿದ ದಿನ ಮತ್ತು ಊರು, ರಾಷ್ಟ್ರೀಯತೆ, ಪಾಸ್‌ಪೋರ್ಟ್ ಮತ್ತು ರಾಷ್ಟ್ರೀಯ ಗುರುತಿನ ಚೀಟಿ ಸಂಖ್ಯೆ, ವಿಳಾಸ. ಅಡ್ಡಹೆಸರುಗಳನ್ನು ಖಚಿತ, ದುರ್ಬಲ ಎಂದು ಎರಡಾಗಿ ಬೇರ್ಪಡಿಸಬೇಕು. ಫೋಟೊ, ಬೆರಳಚ್ಚು ಇದ್ದರೆ ಇಂಟರ್‌ಪೋಲ್-ವಿಶ್ವಸಂಸ್ಥೆ ವಿಶೇಷ ನೋಟಿಸ್‌ಗೆ ಬೇಕಾಗುತ್ತವೆ. ಈ ಭಾಗ ಬೇಸರ ತರಿಸುವ ಗುಮಾಸ್ತಗಿರಿಯಂತೆ ಕಾಣುತ್ತದೆ, ಆದರೆ ಪಟ್ಟಿಯ ಫಲ ನಿಂತಿರುವುದು ಇದರ ಮೇಲೆಯೇ. ಅರಬ್ಬಿ ಅಥವಾ ಉರ್ದು ಹೆಸರೊಂದನ್ನು ರೋಮನ್ ಲಿಪಿಗೆ ತಂದರೆ ನಾಲ್ಕಾರು ಕಾಗುಣಿತಗಳಾಗುತ್ತವೆ. ಹುಟ್ಟಿದ ದಿನ, ದಾಖಲೆ ಸಂಖ್ಯೆ ಇಲ್ಲದ ನಮೂದು ಬಂದರೆ ಬೇಕಾದವನು ವಿಮಾನ ಹತ್ತುತ್ತಾನೆ. ಅದೇ ಹೆಸರಿನ ಅಮಾಯಕನ ಖಾತೆ ಸ್ತಂಭನವಾಗುತ್ತದೆ.

ಎರಡನೆಯದು ಪ್ರಕರಣದ ಹೇಳಿಕೆ. ಮಾನದಂಡ ಒಂದೊಂದಕ್ಕೂ ಒಂದು ಸಂಗತಿ, ಅದಕ್ಕೆ ದಿನಾಂಕ, ಅದಕ್ಕೆ ಆಧಾರ. ಗುಪ್ತಚರ ಮಾಹಿತಿಯನ್ನು ಹಾಗೆಯೇ ಸುರಿಯಬೇಡಿ. ಗೋಪ್ಯ ಎಂದು ಗುರುತಿಸಿದ ಭಾಗ ಬಿಟ್ಟು ಉಳಿದದ್ದನ್ನು ಕೇಳಿದವರಿಗೆ ಕೊಡಬೇಕಾಗಬಹುದು. ಎಲ್ಲಕ್ಕೂ ಗೋಪ್ಯದ ಮೊಹರು ಹಾಕಿದರೆ ಉಳಿದ ದೇಶಗಳಿಗೆ ನಂಬಲು ಏನೂ ಉಳಿಯುವುದಿಲ್ಲ. ಬಹಿರಂಗ ಮೂಲಗಳು, ಆ ಸಂಘಟನೆಯೇ ಹೊರಡಿಸಿದ ಪತ್ರಿಕೆ, ಭಾಷಣ, ಚಂದಾ ರಸೀದಿ, ನ್ಯಾಯಾಲಯದ ದಾಖಲೆ ಹೆಚ್ಚು ತೂಗುತ್ತವೆ. ಶಿಕ್ಷೆಯಾಗಿರಬೇಕು, ಆರೋಪಪಟ್ಟಿ ಇರಬೇಕು ಎಂಬ ನಿಯಮ ಇಲ್ಲ, ಏಕೆಂದರೆ ಈ ನಿರ್ಬಂಧಗಳ ಉದ್ದೇಶ ತಡೆಯುವುದು, ದಂಡಿಸುವುದಲ್ಲ. ಪುಲ್ವಾಮಾ ಪ್ರಕರಣದಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಆರೋಪಪಟ್ಟಿ ಸಲ್ಲಿಸಿದ್ದು 2020ರ ಆಗಸ್ಟ್‌ನಲ್ಲಿ, ಹೆಸರು ಪಟ್ಟಿಗೆ ಸೇರಿ ವರ್ಷ ದಾಟಿದ ಮೇಲೆ.

ಮೂರನೆಯದು ಸಮಿತಿಯ ಜಾಲತಾಣದಲ್ಲಿ ಪ್ರಕಟವಾಗುವ ಸಾರಾಂಶದ ಕರಡು. ಕೊನೆಯ ಚೌಕಾಸಿ ನಡೆಯುವುದು ಇದರ ಒಂದೊಂದು ಪದದ ಮೇಲೆ. ಯಾವ ವಾಕ್ಯ ಬಿಟ್ಟುಕೊಡಬಹುದು, ಯಾವುದು ಹೋದರೆ ಕಡತವೇ ಟೊಳ್ಳಾಗುತ್ತದೆ ಎಂಬುದನ್ನು ಕರಡು ಬರೆಯುವಾಗಲೇ ಗುರುತು ಹಾಕಿಕೊಳ್ಳಿ.

ಹತ್ತು ದಿನ, ಆರು ತಿಂಗಳು, ಮೂರು ತಿಂಗಳು

ಸಮಿತಿಯಲ್ಲಿ ಮಂಡಳಿಯ ಹದಿನೈದೂ ಸದಸ್ಯರಿದ್ದಾರೆ. ಮತದಾನ ಇಲ್ಲ, ಒಮ್ಮತ ಬೇಕು. ಪ್ರಸ್ತಾವ ಹಂಚಿದ ಮೇಲೆ ಹತ್ತು ಕೆಲಸದ ದಿನ ಯಾರೂ ಆಕ್ಷೇಪಿಸದಿದ್ದರೆ ಹೆಸರು ಸೇರುತ್ತದೆ. ಒಬ್ಬರು ತಡೆ ಹಾಕಿದರೂ ನಿಲ್ಲುತ್ತದೆ. ಪತ್ರಿಕೆಗಳು ‘ತಾಂತ್ರಿಕ ತಡೆ’ ಎನ್ನುವುದು ಇದನ್ನೇ. ಹೆಸರಲ್ಲಿ ತಾಂತ್ರಿಕ, ಒಳಗೆ ಪೂರ್ತಿ ರಾಜಕೀಯ. ತಡೆ ಆರು ತಿಂಗಳು ಇರಬಹುದು, ಕೇಳಿದರೆ ಇನ್ನೂ ಮೂರು ತಿಂಗಳು ಬೆಳೆಯಬಹುದು. ಆ ಅವಧಿ ಮುಗಿಯುವಾಗ ತಡೆ ಹಾಕಿದವರು ಸ್ಪಷ್ಟವಾಗಿ ವಿರೋಧಿಸದಿದ್ದರೆ ಪ್ರಸ್ತಾವ ಅಂಗೀಕಾರವಾದಂತೆ. ವಿರೋಧಿಸಿದರೆ ಪ್ರಸ್ತಾವ ಸತ್ತಂತೆ, ಮತ್ತೆ ಮೊದಲಿನಿಂದ.

ಈ ಗಡಿಯಾರ ಅಜರ್ ಪ್ರಕರಣದಲ್ಲಿ ಹೇಗೆ ಓಡಿತು ನೋಡಿ. ಪಠಾಣ್‌ಕೋಟ್ ದಾಳಿಯ ನಂತರ ಭಾರತ ಕೊಟ್ಟ ಪ್ರಸ್ತಾವಕ್ಕೆ ಚೀನಾ 2016ರ ಮಾರ್ಚ್ ಕೊನೆಗೆ ತಡೆ ಹಾಕಿತು, ಅಕ್ಟೋಬರ್‌ನಲ್ಲಿ ಮುಂದುವರಿಸಿತು, ಡಿಸೆಂಬರ್ ಕೊನೆಗೆ ವಿರೋಧಿಸಿ ಮುಗಿಸಿತು. ಒಂಬತ್ತು ತಿಂಗಳು ಪೂರ್ತಿ. 2017ರ ಜನವರಿಯಲ್ಲಿ ಬ್ರಿಟನ್, ಫ್ರಾನ್ಸ್ ಬೆಂಬಲದೊಂದಿಗೆ ಅಮೆರಿಕ ತಂದ ಪ್ರಸ್ತಾವಕ್ಕೂ ಅದೇ ಗತಿ: ಫೆಬ್ರುವರಿ, ಆಗಸ್ಟ್, ನವೆಂಬರ್.

ತಡೆ ಬಿದ್ದಾಗ ಮಾಡಬಾರದ ಕೆಲಸವೆಂದರೆ ಅದೇ ಕಡತವನ್ನು ದಪ್ಪ ಮಾಡಿ ಮತ್ತೆ ಕಳಿಸುವುದು. ತಡೆ ಹಾಕಿದವರಿಗೆ ಕಡತದ ದಪ್ಪ ಲೆಕ್ಕಕ್ಕಿಲ್ಲ. ಮುಚ್ಚಿದ ಕೋಣೆಯಲ್ಲಿ, ಕಾರಣ ಹೇಳದೆ, ಬೆಲೆ ತೆರದೆ ನಿಲ್ಲಿಸಬಹುದಾದ್ದರಿಂದ ನಿಲ್ಲಿಸುತ್ತಾರೆ. ಆ ಸೌಕರ್ಯ ತೆಗೆಯಬೇಕು.

2019ರಲ್ಲಿ ಆದದ್ದು ಅದು. ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಯೋಧರು ಸತ್ತರು; ಮಂಡ್ಯ ಜಿಲ್ಲೆಯ ಗುಡಿಗೆರೆಯ ಯೋಧರೊಬ್ಬರೂ ಅವರಲ್ಲಿದ್ದರು. ಫೆಬ್ರುವರಿ 21ರಂದು ಭದ್ರತಾ ಮಂಡಳಿಯ ಪತ್ರಿಕಾ ಹೇಳಿಕೆ ಜೈಷ್ ಹೆಸರನ್ನೇ ಹಿಡಿದು ಖಂಡಿಸಿತು. ಅಂಥ ಹೇಳಿಕೆಗೂ ಹದಿನೈದು ಸದಸ್ಯರ ಒಪ್ಪಿಗೆ ಬೇಕು, ಚೀನಾದ್ದೂ. ಇದು ಮೊದಲ ಮೆಟ್ಟಿಲು. ಫೆಬ್ರುವರಿ 27ರಂದು ಫ್ರಾನ್ಸ್, ಬ್ರಿಟನ್, ಅಮೆರಿಕ ಪ್ರಸ್ತಾವ ತಂದವು. ಹತ್ತು ಕೆಲಸದ ದಿನ ಮುಗಿಯುವ ಮಾರ್ಚ್ 13ರಂದು ಮತ್ತೆ ತಡೆ. ಈ ಬಾರಿ ಅಮೆರಿಕ ಒಂಬತ್ತು ತಿಂಗಳು ಕಾಯಲಿಲ್ಲ. ಮಾರ್ಚ್ 27ರಂದು ಅದೇ ವಿಷಯದ ನಿರ್ಣಯದ ಕರಡನ್ನು ನೇರವಾಗಿ ಮಂಡಳಿಯಲ್ಲೇ ಹಂಚಿತು. ಅಲ್ಲಿ ಒಂಬತ್ತು ಮತ ಸಾಕು, ನಿಲ್ಲಿಸಬೇಕಾದರೆ ಚೀನಾ ಎಲ್ಲರೆದುರು ಕೈ ಎತ್ತಿ ವಿಟೊ ಚಲಾಯಿಸಬೇಕು. ಐದು ವಾರದಲ್ಲಿ ತಡೆ ಹೋಯಿತು. ಅದರ ಬೆಲೆಯಾಗಿ ಪುಲ್ವಾಮಾ, ಕಾಶ್ಮೀರದ ಉಲ್ಲೇಖಗಳಿಲ್ಲದ ಸಾರಾಂಶ ಬಂತು. ನಮ್ಮವರನ್ನು ಕಳೆದುಕೊಂಡ ಮನೆಗಳಿಗೆ ಅದು ನೋವಿನ ಸಂಗತಿ. ಆದರೂ ಆ ವಿನಿಮಯ ಸರಿ ಎಂದೇ ನಮ್ಮ ಅಭಿಪ್ರಾಯ: ಆಸ್ತಿ ಸ್ತಂಭನ, ಪ್ರಯಾಣ ನಿಷೇಧ, ಶಸ್ತ್ರ ನಿಷೇಧ ಜಾರಿಯಾಗುವುದು ಹೆಸರಿನಿಂದ, ಸಾರಾಂಶದ ಉದ್ದದಿಂದಲ್ಲ.

ಈ ಕೀಲಿಯನ್ನು ಪದೇಪದೇ ತಿರುಗಿಸಲಾಗದು. ಮಂಡಳಿಯಲ್ಲಿ ಕರಡು ಹಂಚಲು ಸದಸ್ಯರೇ ಬೇಕು. ಭಾರತ ಆಗ ಸದಸ್ಯನಾಗಿರಲಿಲ್ಲ. ಜೊತೆಗೆ ಬರುವ ದೇಶಗಳನ್ನು ದಾಳಿಗೆ ಮುಂಚೆಯೇ, ಶಾಂತ ದಿನಗಳಲ್ಲೇ ಸಿದ್ಧಮಾಡಿಟ್ಟಿರಬೇಕು.

ಹೊಸ ಹೆಸರು, ಹಳೆಯ ಗುಂಪು

ಪಟ್ಟಿಗೆ ಬಿದ್ದ ಸಂಘಟನೆ ಫಲಕ ಬದಲಿಸುತ್ತದೆ. ಆಗ ಹೊಸ ಪ್ರಕರಣ ಕಟ್ಟುವುದಕ್ಕಿಂತ ಹಳೆಯ ನಮೂದಿಗೆ ಅಡ್ಡಹೆಸರು ಸೇರಿಸಲು ಕೇಳುವುದು ಸುಲಭ. ಲಷ್ಕರ್-ಎ-ತಯಬಾ 2005ರಲ್ಲಿ ಪಟ್ಟಿಗೆ ಸೇರಿತು. ಜಮಾತ್-ಉದ್-ದಾವಾ ಅದರ ಅಡ್ಡಹೆಸರಾಗಿ 2008ರ ಡಿಸೆಂಬರ್‌ನಲ್ಲಿ, ಫಲಾ-ಎ-ಇನ್ಸಾನಿಯತ್ ಪ್ರತಿಷ್ಠಾನ 2012ರಲ್ಲಿ ಸೇರಿದವು. ಇದಕ್ಕೂ ಒಮ್ಮತ ಬೇಕು, ಆದರೆ ಅಲ್-ಖೈದಾ ನಂಟನ್ನು ಮತ್ತೆ ಸಾಬೀತು ಮಾಡಬೇಕಿಲ್ಲ. ಇದೂ ಅದೂ ಒಂದೇ ಎಂದು ತೋರಿಸಿದರೆ ಸಾಕು.

ಅದಕ್ಕೆ ನೆಲ ಹದ ಮಾಡುವುದು ಸಮಿತಿಯ ಮೇಲ್ವಿಚಾರಣಾ ತಂಡದ ಮೂಲಕ. ಈ ತಜ್ಞರು ವರ್ಷಕ್ಕೆ ಎರಡು ವರದಿ ಕೊಡುತ್ತಾರೆ, ಸದಸ್ಯ ರಾಷ್ಟ್ರಗಳಿಂದ ಮಾಹಿತಿ ಪಡೆಯುತ್ತಾರೆ. ಲಷ್ಕರ್‌ನದೇ ಇನ್ನೊಂದು ಹೆಸರು ಎಂದು ತಾನು ಹೇಳುವ ದ ರೆಸಿಸ್ಟೆನ್ಸ್ ಫ್ರಂಟ್ ಬಗ್ಗೆ ಭಾರತ 2024ರ ಮೇ ಮತ್ತು ನವೆಂಬರ್‌ನಲ್ಲೇ ಮಾಹಿತಿ ಕೊಟ್ಟಿತ್ತು. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್ 25ರ ಮಂಡಳಿ ಹೇಳಿಕೆಯಲ್ಲಿ ಆ ಹೆಸರು ಬರಲಿಲ್ಲ. ಜುಲೈನ ತಂಡದ ವರದಿಯಲ್ಲಿ ಬಂತು. ಅದೇ ತಿಂಗಳು ಅಮೆರಿಕ ತನ್ನ ಸ್ವಂತ ಪಟ್ಟಿಗೆ ಅದನ್ನು ಸೇರಿಸಿತು. ತಂಡದ ವರದಿ ಪಟ್ಟಿಯಲ್ಲ, ಆದರೆ ಮುಂದಿನ ಪ್ರಸ್ತಾವದಲ್ಲಿ ಉಲ್ಲೇಖಿಸಲು ವಿಶ್ವಸಂಸ್ಥೆಯದೇ ಕಾಗದ ಕೈಯಲ್ಲಿರುತ್ತದೆ.

ನೆರವಿನ ಹಣವನ್ನು ಎಲ್ಲಿ ಹಿಡಿಯಬೇಕು

ಪಟ್ಟಿಯಲ್ಲಿ ಹೆಸರಿದ್ದರೂ ಆತ ಇರುವ ದೇಶ ಕಣ್ಣು ಮುಚ್ಚಿದರೆ ಏನೂ ಆಗದು. ಲಷ್ಕರ್ ಸ್ಥಾಪಕ ಹಫೀಜ್ ಸಯೀದ್ 2008ರ ಡಿಸೆಂಬರ್‌ನಿಂದ ಪಟ್ಟಿಯಲ್ಲಿದ್ದ. ಭಯೋತ್ಪಾದನೆಗೆ ಹಣ ಒದಗಿಸಿದ ಪ್ರಕರಣದಲ್ಲಿ ಲಾಹೋರ್ ನ್ಯಾಯಾಲಯ ಶಿಕ್ಷೆ ಕೊಟ್ಟಿದ್ದು 2020ರ ಫೆಬ್ರುವರಿಯಲ್ಲಿ. ಆಗ ಪಾಕಿಸ್ತಾನ, ಭಯೋತ್ಪಾದನೆಗೆ ಹೋಗುವ ಹಣದ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್‌ನ ಬೂದು ಪಟ್ಟಿಯಲ್ಲಿ, ಅಂದರೆ ನಿಗಾದಲ್ಲಿರುವ ದೇಶಗಳ ಪಟ್ಟಿಯಲ್ಲಿತ್ತು. 2018ರ ಜೂನ್‌ನಿಂದ 2022ರ ಅಕ್ಟೋಬರ್‌ವರೆಗೆ ಅಲ್ಲಿದ್ದು, ಮೊದಲು 27, ಆಮೇಲೆ ಇನ್ನೂ 7 ಅಂಶಗಳನ್ನು ಪೂರೈಸಿ ಹೊರಬಂತು. ಅಂಶ ಒಂದೊಂದಕ್ಕೂ ಗಡುವು, ವರ್ಷಕ್ಕೆ ಮೂರು ಸಭೆಗಳಲ್ಲಿ ಪರಿಶೀಲನೆ. ಅದರ ಬಲ ಇದ್ದದ್ದು ಅಲ್ಲಿ.

ಇದನ್ನು ಅಮೆರಿಕದ 2009ರ ಕೆರ್ರಿ-ಲೂಗರ್-ಬರ್ಮನ್ ಕಾಯ್ದೆಯ ಜೊತೆ ಇಟ್ಟು ನೋಡಿ. ಪಾಕಿಸ್ತಾನಕ್ಕೆ ಐದು ವರ್ಷಕ್ಕೆ 750 ಕೋಟಿ ಡಾಲರ್ ನಾಗರಿಕ ನೆರವು. ಸೇನಾ ನೆರವು ಬೇಕಾದರೆ ಲಷ್ಕರ್, ಜೈಷ್ ಗುಂಪುಗಳನ್ನು ತಡೆಯುತ್ತಿದೆ ಎಂದು ವಿದೇಶಾಂಗ ಕಾರ್ಯದರ್ಶಿ ಪ್ರಮಾಣೀಕರಿಸಬೇಕು. ಲಷ್ಕರ್ ನೆಲೆಯಾದ ಮುರೀದ್ಕೆಯ ಹೆಸರೂ ಕಾಯ್ದೆಯಲ್ಲಿತ್ತು. ಷರತ್ತು ಚೊಕ್ಕವಾಗಿತ್ತು, ಆದರೆ ರಾಷ್ಟ್ರೀಯ ಭದ್ರತೆಯ ಹೆಸರಲ್ಲಿ ವಿನಾಯಿತಿ ಕೊಡುವ ಕಲಮೂ ಅಲ್ಲೇ ಇತ್ತು. 2012ರಲ್ಲಿ ಅದನ್ನು ಬಳಸಿದರು. ಅಫ್ಗಾನಿಸ್ತಾನಕ್ಕೆ ಸರಕು ಸಾಗಿಸುವ ರಸ್ತೆ ಬೇಕಿದ್ದ ದೇಶ, ಆ ರಸ್ತೆಯ ಒಡೆಯನಿಗೆ ಷರತ್ತು ಹಾಕಿ ಉಳಿಸಿಕೊಳ್ಳುವುದು ಕಷ್ಟ. ನೆರವಿನ ಒಪ್ಪಂದ ಓದುವಾಗ ಮೊತ್ತ ನೋಡುವ ಮೊದಲು ವಿನಾಯಿತಿ ಕಲಮು ಹುಡುಕಿ. ಅದನ್ನು ಯಾರು, ಎಷ್ಟು ಸಲ ಬಳಸಬಹುದು ನೋಡಿ.

ಮಾನವೀಯ ನೆರವಿನ ವಿಷಯ ಇನ್ನೂ ನಾಜೂಕು. 2022ರ ಡಿಸೆಂಬರ್ 9ರ 2664ನೇ ನಿರ್ಣಯ ವಿಶ್ವಸಂಸ್ಥೆಯ ನಿರ್ಬಂಧಗಳಿಂದ ಮಾನವೀಯ ನೆರವಿಗೆ ವಿನಾಯಿತಿ ಕೊಟ್ಟಿತು. 14 ದೇಶ ಪರ, ಭಾರತ ಒಂದೇ ತಟಸ್ಥ. ನೆರೆಯಲ್ಲೇ ಸೇವಾಸಂಸ್ಥೆಯ ವೇಷ ತೊಟ್ಟು ಹಣ, ಜನ ಕೂಡಿಸುವ ಗುಂಪುಗಳಿವೆ ಎಂಬುದು ಭಾರತದ ಕಾರಣ. 1267 ಪಟ್ಟಿಯ ಮಟ್ಟಿಗೆ ಎರಡು ವರ್ಷಕ್ಕಿದ್ದ ವಿನಾಯಿತಿಯನ್ನು 2024ರ 2761ನೇ ನಿರ್ಣಯ ಕಾಲಮಿತಿಯಿಲ್ಲದೆ ಮುಂದುವರಿಸಿತು. ಹಸಿದವರಿಗೆ ಊಟ ನಿಲ್ಲಬಾರದು, ಅದು ಸರಿ. ಆದ್ದರಿಂದ ನೆರವು ಕೊಡುವವರು ಸ್ಥಳೀಯ ಪಾಲುದಾರ ಸಂಸ್ಥೆಯ ಹೆಸರನ್ನು ಮಾತ್ರವಲ್ಲ, ಪದಾಧಿಕಾರಿಗಳು, ಬ್ಯಾಂಕ್ ಖಾತೆಯ ಸಹಿದಾರರು, ಗೋದಾಮಿನ ಮಾಲೀಕರು, ಎಲ್ಲರನ್ನೂ ಪಟ್ಟಿಯ ಜೊತೆ ತಾಳೆ ನೋಡಬೇಕು.

ಹೆಸರು ಸೇರಿದ ಮೇಲೆ

ಭಾರತದಲ್ಲಿ ಪಟ್ಟಿ ಜಾರಿಯಾಗುವುದು ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) 51ಎ ಕಲಮಿನಡಿ. ಹುಬ್ಬಳ್ಳಿಯ ಪಟ್ಟಣ ಸಹಕಾರ ಬ್ಯಾಂಕಾದರೂ ಗ್ರಾಹಕರನ್ನು ಈ ಪಟ್ಟಿಯೊಂದಿಗೆ ಹೋಲಿಸಬೇಕು. ಹೊಂದಿಕೆಯಾದರೆ 24 ಗಂಟೆಯೊಳಗೆ ಗೃಹ ಸಚಿವಾಲಯದ ನೋಡಲ್ ಅಧಿಕಾರಿಗೆ ವಿವರ ಹೋಗಬೇಕು. ಹೆಸರೊಂದೇ ಹೊಂದಿದರೆ ಅದು ಹೊಂದಿಕೆಯಲ್ಲ. ಹುಟ್ಟಿದ ದಿನ, ಊರು, ದಾಖಲೆ ಸಂಖ್ಯೆ ಕೂಡಿಯೇ ತೀರ್ಮಾನಿಸಿ.

ಸ್ತಂಭನವಾದ ಖಾತೆಯಿಂದ ಊಟ, ಬಾಡಿಗೆ, ಔಷಧದ ಖರ್ಚಿಗೆ ಹಣ ಬಿಡುವ ಅವಕಾಶ 2002ರ 1452ನೇ ನಿರ್ಣಯದಿಂದ ಇದೆ. ಪಾಕಿಸ್ತಾನದ ಕೋರಿಕೆಯ ಮೇಲೆ 2019ರಲ್ಲಿ ಹಫೀಜ್ ಸಯೀದ್‌ಗೆ ತಿಂಗಳಿಗೆ ಒಂದೂವರೆ ಲಕ್ಷ ಪಾಕಿಸ್ತಾನಿ ರೂಪಾಯಿ ಸಿಕ್ಕಿದ್ದು ಹೀಗೆ. ಆಕ್ಷೇಪಕ್ಕೆ ಇರುವ ಸಮಯ ಕೆಲವೇ ದಿನ. ಪ್ರಸ್ತಾವ ತಂದ ದೇಶಗಳು ಇಂಥ ಕೋರಿಕೆಗಳ ಮೇಲೆ ಕಣ್ಣಿಟ್ಟಿರಬೇಕು.

ಪಟ್ಟಿಯಲ್ಲಿರುವವರು ಹೆಸರು ತೆಗೆಸಲು ಓಂಬಡ್ಸ್‌ಪರ್ಸನ್‌ಗೆ, ಅಂದರೆ ಇಂಥ ಅರ್ಜಿಗಳನ್ನು ಪರಿಶೀಲಿಸುವ ಸ್ವತಂತ್ರ ಅಧಿಕಾರಿಗೆ, ಅರ್ಜಿ ಹಾಕಬಹುದು. ಈ ಹುದ್ದೆ 2009ರ 1904ನೇ ನಿರ್ಣಯದಿಂದ ಬಂತು. ಮಾಹಿತಿ ಸಂಗ್ರಹಕ್ಕೆ ನಾಲ್ಕು ತಿಂಗಳು, ಅರ್ಜಿದಾರನೊಂದಿಗೆ ಸಂವಾದಕ್ಕೆ ಎರಡು ತಿಂಗಳು. ತೆಗೆಯಿರಿ ಎಂದು ಶಿಫಾರಸು ಬಂದರೆ, ಉಳಿಸಲು ಸಮಿತಿಯಲ್ಲಿ ಒಮ್ಮತವೂ ಮೂಡದೆ, ವಿಷಯ ಮಂಡಳಿಗೂ ಹೋಗದೆ ಇದ್ದರೆ, 60 ದಿನಕ್ಕೆ ಹೆಸರು ಹೋಗುತ್ತದೆ. ಅಂದರೆ ಅಲ್ಲಿ ಒಮ್ಮತದ ಹೊರೆ ತಿರುಗಿ ನಮ್ಮ ಮೇಲೆ ಬೀಳುತ್ತದೆ. ಪಟ್ಟಿ ಮಾಡಿದ ದಿನದ ಸಾಕ್ಷ್ಯ ಅಲ್ಲಿ ಸಾಲದು, ಇಂದಿಗೂ ನಂಟಿದೆ ಎಂದು ತೋರಿಸಬೇಕು. ಆದ್ದರಿಂದ ಹೊಸ ಭಾಷಣ, ಹೊಸ ಖಾತೆ, ಬದಲಾದ ವಿಳಾಸ, ಹೊಸ ಫೋಟೊ ಸಿಕ್ಕಿದಾಗಲೆಲ್ಲ ದಿನಾಂಕ ಹಾಕಿ ಅದೇ ಕಡತಕ್ಕೆ ಸೇರಿಸುತ್ತ, ನಮೂದು ತಿದ್ದುವಂತೆ ಸಮಿತಿಗೂ ಬರೆಯುತ್ತ ಇರಬೇಕು.