ಐದಾರು ವರ್ಷದ ಮಕ್ಕಳೊಡನೆ ಹಾರುವ ಆಟಿಕೆ ಮಾಡುವ ಬಗೆ

ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದ ಸುತ್ತಲಾಗಲಿ, ಯಲಹಂಕದ ಕಡೆಯಾಗಲಿ ಬೆಳೆಯುವ ಮಕ್ಕಳಿಗೆ ತಲೆಯ ಮೇಲೆ ಹಾದುಹೋಗುವ ವಿಮಾನದ ಸದ್ದು ಹೊಸದಲ್ಲ. ಆದರೆ ಅದು ಹೇಗೆ ಹಾರುತ್ತದೆ ಎಂದು ಐದು ವರ್ಷದ ಮಗು ಕೇಳಿದಾಗ, ರೆಕ್ಕೆಯ ಮೇಲಿನ ಗಾಳಿ, ಕೆಳಗಿನ ಗಾಳಿ ಎಂದು ನಾವು ವಿವರಿಸಲು ಹೊರಟರೆ ಎರಡನೆಯ ವಾಕ್ಯಕ್ಕೇ ಅದು ಎದ್ದು ಹೋಗಿರುತ್ತದೆ. ನಿಧಾನವಾಗಿ ಬೀಳುವ ವಸ್ತುಗಳಿಂದ ಆರಂಭಿಸುವುದೇ ಸರಿ ಎಂಬುದು ನನ್ನ ಅನುಭವ. ಹಾರಿಸುವುದು ಆಮೇಲಿನ ಮಾತು.

ಸಾಮಗ್ರಿಗೆ ಅಂಗಡಿಗೆ ಓಡಬೇಕಿಲ್ಲ. ಹಳೆಯ ಮದುವೆ ಪತ್ರಿಕೆಗಳು, ನೋಟ್‌ಬುಕ್ಕಿನ ಹಾಳೆ, ಮೊಂಡು ತುದಿಯ ಕತ್ತರಿ, ಸೆಲ್ಲೋ ಟೇಪು, ಜೆಮ್ ಕ್ಲಿಪ್ಪು, ದಾರ ಮತ್ತು ಚಪಾತಿ ಹಿಟ್ಟಿನ ಒಂದು ಉಂಡೆ ಸಾಕು. ಕೆಲಸಕ್ಕೆ ಕೂರುವ ಮೊದಲು ಫ್ಯಾನ್ ಆರಿಸಿ. ಇದನ್ನು ಮರೆತ ದಿನ ನಮ್ಮ ಮನೆಯ ಮೊದಲ ಪ್ಯಾರಾಚೂಟು ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡು, ಅದನ್ನು ಬಿಡಿಸುವುದರಲ್ಲೇ ಭಾನುವಾರದ ಬೆಳಗ್ಗೆ ಕಳೆದುಹೋಯಿತು.

ಮೊದಲನೆಯದು ಗಿರಕಿ. ರಸ್ತೆಬದಿಯ ಮಹಾಗನಿ ಮರದ ಕೆಳಗೆ ಬಿದ್ದಿರುವ ರೆಕ್ಕೆಯುಳ್ಳ ಬೀಜವೊಂದು ಸಿಕ್ಕರೆ ಅದನ್ನು ಎತ್ತರದಿಂದ ಬಿಟ್ಟು ತೋರಿಸಿ. ಅದು ಸುತ್ತುತ್ತಾ ಇಳಿಯುವುದನ್ನು ಕಂಡ ಮಗುವಿಗೆ ಮುಂದಿನ ಮಾತು ಹೇಳಲೇಬೇಕಾಗಿಲ್ಲ. 20 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಕಾಗದದ ಪಟ್ಟಿಯನ್ನು ಮೇಲಿನ ತುದಿಯಿಂದ ನಟ್ಟನಡುವೆ 9 ಸೆಂ.ಮೀ.ವರೆಗೆ ಕತ್ತರಿಸಿದರೆ ಎರಡು ರೆಕ್ಕೆಗಳಾಗುತ್ತವೆ. ಅಲ್ಲಿಂದ ಒಂದು ಸೆಂ.ಮೀ. ಕೆಳಗೆ ಎರಡೂ ಅಂಚುಗಳಿಂದ ಒಳಕ್ಕೆ ಒಂದೂವರೆ ಸೆಂ.ಮೀ. ಕತ್ತರಿಸಿ, ಕೆಳಗಿನ ಎರಡು ಬದಿಗಳನ್ನು ಒಳಮಡಿಸಿ, ತುದಿಗೆ ಕ್ಲಿಪ್ಪು ಹಾಕಿ. ಒಂದು ರೆಕ್ಕೆಯನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಮಡಿಸಿ ಕೈಬಿಟ್ಟರೆ ಅದು ಗಿರಗಿರನೆ ಇಳಿಯುತ್ತದೆ. ಮಡಿಕೆಗಳನ್ನು ಅದಲುಬದಲು ಮಾಡಿದರೆ ತಿರುಗುವ ದಿಕ್ಕೂ ಬದಲಾಗುತ್ತದೆ. ಇದನ್ನು ನೀವು ಹೇಳಿಕೊಡದೆ ಮಗುವೇ ಕಂಡುಹಿಡಿಯಲು ಬಿಡಿ.

ಪ್ಯಾರಾಚೂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೆಳುವಾದ ಹತ್ತಿಯ ಕರ್ಚೀಫಿನ ನಾಲ್ಕು ಮೂಲೆಗಳಿಗೆ 30 ಸೆಂ.ಮೀ. ಉದ್ದದ ದಾರಗಳನ್ನು ಕಟ್ಟಿ, ಅವುಗಳ ತುದಿಗಳನ್ನು ಒಟ್ಟುಗೂಡಿಸಿ ಒಂದು ಸಣ್ಣ ಗೊಂಬೆಯನ್ನು ತೂಗಿಬಿಡಿ. ದಾರಗಳು ಸಮನಾಗಿರಲಿ. ಮೆಟ್ಟಿಲ ಮೇಲಿನಿಂದ ಅದನ್ನು ಬಿಡುವ ಕೆಲಸ ದೊಡ್ಡವರದು, ಹಿಡಿಯುವ ಕೆಲಸ ಮಗುವಿನದು.

ಇನ್ನು ಮಕ್ಕಳನ್ನು ಅತಿ ಹೆಚ್ಚು ಹೊತ್ತು ಹಿಡಿದಿಡುವ ಬಳೆ ವಿಮಾನ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾಗಿರುವುದರಿಂದ ಎಳನೀರಿನವರು ಕೊಡುವ ಕಾಗದದ ಸ್ಟ್ರಾವನ್ನೇ ಬಳಸೋಣ, ಒದ್ದೆಯಾಗಿರಬಾರದು, ಅಷ್ಟೆ. ಮದುವೆ ಪತ್ರಿಕೆಯಿಂದ ಎರಡೂವರೆ ಸೆಂ.ಮೀ. ಅಗಲದ ಎರಡು ಪಟ್ಟಿಗಳು ಬೇಕು, ಒಂದು 12 ಸೆಂ.ಮೀ. ಉದ್ದ, ಇನ್ನೊಂದು 24 ಸೆಂ.ಮೀ. ಪತ್ರಿಕೆ ಚಿಕ್ಕದಾದರೆ ಎರಡು ತುಂಡು ಸೇರಿಸಿ ಅಂಟಿಸಿ. ಪಟ್ಟಿಗಳನ್ನು ಬಳೆಯಂತೆ ಸುತ್ತಿ, ಸ್ಟ್ರಾದ ಒಂದು ತುದಿಗೆ ಚಿಕ್ಕ ಬಳೆ, ಇನ್ನೊಂದು ತುದಿಗೆ ದೊಡ್ಡ ಬಳೆ ಒಂದೇ ನೇರಕ್ಕೆ ನಿಲ್ಲುವಂತೆ ಟೇಪು ಹಚ್ಚಿ. ಬಳೆಗಳು ಮೇಲಕ್ಕಿರುವಂತೆ, ಚಿಕ್ಕದು ಮುಂದಿರುವಂತೆ ಹಿಡಿದು ಮೆಲ್ಲಗೆ ತಳ್ಳಬೇಕು; ಚೆಂಡಿನಂತೆ ಬೀಸಿ ಎಸೆದರೆ ಪಲ್ಟಿ ಹೊಡೆಯುತ್ತದೆ.

ಮೊದಲ ಸಲವೇ ಅದು ಚೆನ್ನಾಗಿ ಹಾರಿಬಿಟ್ಟರೆ ನನಗೆ ತುಸು ನಿರಾಸೆಯೇ ಆಗುತ್ತದೆ, ಏಕೆಂದರೆ ಸರಿಪಡಿಸುವುದರಲ್ಲಿಯೇ ಇದರ ಸ್ವಾರಸ್ಯವಿದೆ. ಮೂತಿ ಮೇಲೆದ್ದು ಗಕ್ಕನೆ ನಿಂತು ಬಿದ್ದರೆ ಮುಂಭಾಗಕ್ಕೆ ಕಡಲೆಕಾಳಿನಷ್ಟು ಹಿಟ್ಟು ಮೆತ್ತಿ. ನೇರವಾಗಿ ನೆಲಕ್ಕೆ ಕುಕ್ಕಿದರೆ ಹಿಟ್ಟು ಕಡಿಮೆ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮವನ್ನು ಮಾತ್ರ ಸಡಿಲಿಸಬೇಡಿ. ಪಕ್ಕದ ಮನೆಯ ಪುಟ್ಟಿಯೊಬ್ಬಳು ತನ್ನ ವಿಮಾನಕ್ಕೆ ಪೈಲಟ್ ಸಾಲದು, ಪ್ರಯಾಣಿಕರೂ ಬೇಕೆಂದು ಮೂತಿಯ ಮೇಲೆ ಐದು ಹಿಟ್ಟಿನುಂಡೆಗಳನ್ನು ಕೂರಿಸಿದ್ದಳು. ವಿಮಾನ ಮೊಸಾಯಿಕ್ ನೆಲಕ್ಕೆ ಮೂಗು ಜಜ್ಜಿಕೊಂಡಿತು. ಅವಳು ಒಬ್ಬೊಬ್ಬರನ್ನಾಗಿ ಇಳಿಸುತ್ತಾ ಹೋಗಿ, ಇಬ್ಬರು ಉಳಿದಾಗ ಅದು ಹಜಾರದ ಆ ಬದಿಯ ಸೋಫಾ ಮುಟ್ಟಿತು.

ಇಷ್ಟಾದ ಮೇಲೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಿರಿ. ಅಲ್ಲಿರುವ ರೈಟ್ ಸಹೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿಯಲ್ಲಿ, ಮೂತಿಯನ್ನು ಏರಿಳಿಸುವ ಚಿಕ್ಕ ರೆಕ್ಕೆಗಳು ಈಗಿನ ವಿಮಾನಗಳಂತೆ ಬಾಲದಲ್ಲಿರದೆ ಮುಂದುಗಡೆಯೇ ಇವೆ. ಬಳೆ ವಿಮಾನ ಮಾಡಿದ ಮಗು ಅದನ್ನು ತಾನಾಗಿಯೇ ಗುರುತಿಸಿದರೆ ಆಶ್ಚರ್ಯವಿಲ್ಲ. 1903ರ ಡಿಸೆಂಬರ್ 17ರಂದು ಅವರ ಮೊದಲ ಹಾರಾಟ 12 ಸೆಕೆಂಡು, 120 ಅಡಿ ಮಾತ್ರ. ನಮ್ಮ ಬಡಾವಣೆಗಳ ಲೆಕ್ಕದಲ್ಲಿ ಅದು ನಾಲ್ಕು ತರ್ಟಿ-ಫಾರ್ಟಿ ಸೈಟುಗಳ ಮುಂಭಾಗದಷ್ಟು ಉದ್ದ. ಮನೆಗೆ ಮರಳಿದ ಸಂಜೆ ಮಗುವಿನ ಕೈ ಹಿಡಿದು ನಾಲ್ಕು ಗೇಟುಗಳನ್ನು ದಾಟುತ್ತಾ ಆ ದೂರವನ್ನು ಒಮ್ಮೆ ನಡೆದು ನೋಡಿ.